ಗ್ರನಾದಾದಲ್ಲಿ ನೆಲೆ, ಸ್ಪ್ಯಾನಿಷ್ ಕಲಿಕೆ: ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗಿನ ಪ್ರಗತಿ

ಸೆಪ್ಟೆಂಬರ್: ವಿಳಾಸ ಮೊದಲು

ಆರು ತಿಂಗಳು ಮೀರಿದ ವಿದ್ಯಾರ್ಥಿ ವೀಸಾ ಇದ್ದರೆ ಸ್ಪೇನಿಗೆ ಕಾಲಿಟ್ಟ ಒಂದು ತಿಂಗಳೊಳಗೆ ವಿದೇಶಿಯರ ಗುರುತಿನ ಕಾರ್ಡ್ ‘ತಿಯೆ’ಗೆ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ನಗರಸಭೆಯಲ್ಲಿ ವಿಳಾಸದ ನೋಂದಣಿ, ಅಂದರೆ ‘ಎಂಪಾದ್ರೊನಾಮಿಯೆಂತೊ’, ಮಾಡಿಸಿಕೊಂಡರೆ ಮುಂದಿನದೆಲ್ಲ ಸಲೀಸು. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ರೂಮು ಬಾಡಿಗೆಗೆ ಕೊಡುವ ಕೆಲವರು ನೋಂದಣಿಗೆ ಒಪ್ಪುವುದಿಲ್ಲ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ‘ಮೆ ಪುಯೆದೊ ಎಂಪಾದ್ರೊನಾರ್ ಅಕೀ?’ (ಇಲ್ಲಿ ನೋಂದಣಿ ಮಾಡಿಸಬಹುದೇ?) ಎಂದು ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಕರಾರು ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ ಮಾಲೀಕರ ಸಹಿ ಇರುವ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿಯ ನಕಲು ಎರಡೂ ಬೇಕಾಗುತ್ತವೆ.

‘ಫಿಯಾನ್ಸಾ’ ಎಂಬ ಠೇವಣಿ ಕಾಯಂ ವಾಸದ ಕರಾರಿಗೆ ಒಂದು ತಿಂಗಳ ಬಾಡಿಗೆ. ವಿದ್ಯಾರ್ಥಿಗಳಿಗೆ ಹೆಚ್ಚಾಗಿ ಸಿಗುವ ‘ತೆಂಪೊರಾದಾ’ ಎಂಬ ತಾತ್ಕಾಲಿಕ ವಾಸದ ಕರಾರಿಗೆ ಎರಡು ತಿಂಗಳದು. ಮನೆಯೊಳಗೆ ಕಾಲಿಟ್ಟ ದಿನವೇ ಗೋಡೆ, ನಲ್ಲಿ, ಹಾಸಿಗೆಯ ವಿಡಿಯೊ ತೆಗೆದು ಮಾಲೀಕರಿಗೆ ಕಳಿಸಿಬಿಟ್ಟರೆ ಬಿಡುವಾಗ ತಕರಾರು ಕಡಿಮೆ.

ಅಕ್ಟೋಬರ್: ಬೆರಳಚ್ಚು

‘ತಿಯೆ’ಗೆ ಬೆರಳಚ್ಚು ಕೊಡಲು ಹೋಗುವಾಗ ಫೈಲಿನಲ್ಲಿ ಇಷ್ಟಿರಲಿ: ಇಎಕ್ಸ್-17 ಅರ್ಜಿ, 790 ನಮೂನೆಯ 012 ಸಂಕೇತದಡಿ ಕಟ್ಟಿದ ಶುಲ್ಕದ ರಸೀದಿ, ಬಿಳಿ ಹಿನ್ನೆಲೆಯ ಹೊಸ ಫೋಟೊ, ಪಾಸ್‌ಪೋರ್ಟ್, ಅದರಲ್ಲಿನ ವೀಸಾ ಮತ್ತು ಪ್ರವೇಶ ಮುದ್ರೆಯ ಪುಟಗಳ ನಕಲು, ಹೊಸದಾಗಿ ತೆಗೆಸಿದ ವಿಳಾಸ ಪತ್ರ. ಕೌಂಟರಿನಲ್ಲಿ ಜೆರಾಕ್ಸ್ ಮಾಡಿಕೊಡುತ್ತಾರೆಂದು ನಂಬಿಕೊಂಡು ಹೋಗಬೇಡಿ. ‘ಸೀತಾ ಪ್ರೆವಿಯಾ’ ಎಂಬ ಮುಂಗಡ ಸಮಯ ಬುಕ್ ಮಾಡುವುದು ಉಚಿತ. ಅದಕ್ಕೆಂದು ದುಡ್ಡು ಕೇಳುವವರನ್ನು ದೂರ ಇಡಿ. ಕಾರ್ಡ್ ಕೈಗೆ ಬರುವ ಮೊದಲು ವೀಸಾ ಮುಗಿದಿದ್ದು, ಊರಿಗೆ ಹೋಗಿ ಬರಬೇಕಾದರೆ ‘ಔತೊರಿಸಾಸಿಯೋನ್ ದೆ ರೆಗ್ರೆಸೊ’ ಎಂಬ ಮರುಪ್ರವೇಶ ಪತ್ರ ಪಡೆದೇ ಹೊರಡಬೇಕು.

ಈ ಓಡಾಟವನ್ನೇ ಅಭ್ಯಾಸವಾಗಿ ಬಳಸಿಕೊಂಡರೆ ಭಾಷೆ ಬೇಗ ಹತ್ತುತ್ತದೆ. ಕಚೇರಿಗೆ ಹೋಗುವ ಹಿಂದಿನ ಸಂಜೆ ಕೇಳಬಹುದಾದ ಹತ್ತು ಪ್ರಶ್ನೆಗಳನ್ನೂ ಅವುಗಳ ಉತ್ತರವನ್ನೂ ಬರೆದು, ಗಟ್ಟಿಯಾಗಿ ಓದಿ ರೂಢಿ ಮಾಡಿಕೊಳ್ಳಿ. ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳುವುದು, ಹುಟ್ಟಿದ ದಿನಾಂಕ, ಫೋನ್ ನಂಬರ್ ಇವು ನಾಲಿಗೆಯ ತುದಿಯಲ್ಲಿರಬೇಕು.

ನವೆಂಬರ್: ಕಿವಿ

ಇದೇ ನಿಜವಾದ ಗೋಡೆ. ತರಗತಿಯ ಆಡಿಯೊದಲ್ಲಿ ಕೇಳಿದ್ದು ಗ್ರನಾದಾದ ಬೀದಿಯಲ್ಲಿ ಸಿಗುವುದಿಲ್ಲ. ಪದದ ಕೊನೆಯ ‘ಸ್’ ಇಲ್ಲಿ ಉದುರುತ್ತದೆ: ‘ಮಾಸ್ ಒ ಮೆನೊಸ್’ (ಹೆಚ್ಚುಕಡಿಮೆ) ಎಂಬುದು ‘ಮಾ ಒ ಮೆನೊ’ ಆಗುತ್ತದೆ, ‘ಪೆಸ್ಕಾದೊ’ (ಮೀನು) ಎಂಬುದು ‘ಪೆಕ್ಕಾವೊ’ದ ಹತ್ತಿರ ಬರುತ್ತದೆ. ಏಕವಚನ, ಬಹುವಚನ ಗುರುತಿಸಲು ಅವರು ಕೊನೆಯ ಸ್ವರವನ್ನೇ ಅಗಲಿಸುತ್ತಾರೆ. ‘ಲಾ ಕಾಸಾ’ ಅಂದರೆ ಒಂದು ಮನೆ. ಹಲವು ಮನೆಗಳೆಂದಾಗ ಕೊನೆಯ ‘ಆ’ ಬಾಯಿ ತೆರೆದು ‘ಆ್ಯ’ ಕಡೆ ವಾಲುತ್ತದೆ. ಇದನ್ನು ಹಿಡಿಯಲು ಗ್ರನಾದಾ ಇರುವ ಆಂದಲೂಸಿಯಾ ಪ್ರದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಕನಾಲ್ ಸುರ್‌ನ ರೇಡಿಯೊ ಒಳ್ಳೆಯದು. ವಾರ್ತೆಗಿಂತ ಶ್ರೋತೃಗಳು ಫೋನ್ ಮಾಡಿ ಮಾತಾಡುವ ಕಾರ್ಯಕ್ರಮ ಆರಿಸಿ. ಮೂವತ್ತು ಸೆಕೆಂಡಿನ ತುಣುಕು ಸಾಕು: ಮೊದಲು ಸುಮ್ಮನೆ ಕೇಳಿ, ಆಮೇಲೆ ಬರೆಯಿರಿ, ಮೂರನೇ ಸಲ ಉದುರಿದ ‘ಸ್’ ಇರಬೇಕಾದ ಕಡೆಯೆಲ್ಲ ಗುರುತು ಹಾಕಿ.

ಉಚ್ಚಾರಣೆಯಲ್ಲಿ ಕನ್ನಡದವರಿಗೆ ಒಳ್ಳೆಯ ಬಂಡವಾಳವೇ ಇದೆ. ಸ್ಪ್ಯಾನಿಷ್‌ನ ‘ತ’ ನಮ್ಮ ದಂತ್ಯ ‘ತ’ವೇ. ಇಂಗ್ಲಿಷ್ ಅಭ್ಯಾಸದಿಂದ ‘ಟೊಮಾಟೆ’ ಎನ್ನುವುದೇ ತಪ್ಪು, ‘ತೊಮಾತೆ’ ಅನ್ನಿ. ತೊಡಕು ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳುತ್ತೇವೆ ಎಂಬುದರಲ್ಲಿದೆ. ‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಅಬ್ಲೋ’ ಅಂದರೆ ಅವನು ಮಾತಾಡಿದ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಇದನ್ನು ಬಿಟ್ಟುಬಿಡುತ್ತದೆ. ಹೊಸ ಪದ ಬರೆಯುವಾಗಲೇ ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಯಿರಿ.

ವ್ಯಾಕರಣದಲ್ಲಿ ‘ಮೆ ಗೂಸ್ತಾ ಎಲ್ ಕಫೆ’ಯನ್ನು ‘ನನಗೆ ಕಾಫಿ ಇಷ್ಟ’ದ ದಾರಿಯಲ್ಲೇ ಕಲಿಯಬೇಕು, ಇಂಗ್ಲಿಷ್ ಮೂಲಕ ಹೋದರೆ ಗೋಜಲು. ತಲೆನೋವಿನ ‘ಮೆ ದುಯೆಲೆ ಲಾ ಕಬೇಸಾ’ ಕೂಡ ಹೀಗೆಯೇ. ಆದರೆ ಹಸಿವಿಗೆ ಇದು ನಡೆಯುವುದಿಲ್ಲ: ಅಲ್ಲಿ ‘ತೆಂಗೊ ಆಂಬ್ರೆ’, ಅಕ್ಷರಶಃ ‘ನಾನು ಹಸಿವನ್ನು ಹೊಂದಿದ್ದೇನೆ’. ನಾವು ಬಹಳ ಸಲ ಜಾರುವುದು ಇಲ್ಲೇ.

ಜನವರಿ: ಅಡುಗೆಮನೆ, ಚಳಿ

ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿ, ಸಿಯೆರ್ರಾ ನೆವಾದಾ ಪರ್ವತಸಾಲಿನ ಬುಡದಲ್ಲಿದೆ. ರಾತ್ರಿ ಸೊನ್ನೆ ಡಿಗ್ರಿಯ ಹತ್ತಿರ ಹೋಗುತ್ತದೆ. ಇಡ್ಲಿ ಹಿಟ್ಟು ಹುದುಗಬೇಕಾದರೆ ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಡಿ. ಹಳೆಯ ಮನೆಗಳಲ್ಲಿ ಗ್ಯಾಸ್ ಅಂದರೆ 12.5 ಕಿಲೊದ ಕಿತ್ತಳೆ ಬಣ್ಣದ ಸಿಲಿಂಡರ್. ಪೈಪಿನ ಮೇಲೆ ಅವಧಿ ಮುಗಿಯುವ ವರ್ಷ ಅಚ್ಚಾಗಿರುತ್ತದೆ. ಅದು ದಾಟಿದ್ದರೆ ಮೊದಲು ಪೈಪ್ ಬದಲಿಸಿ.

ತೊಗರಿಬೇಳೆ, ಹುಣಸೆಗೆ ಏಷ್ಯಾದ ಅಂಗಡಿಯೇ ಗತಿ. ಕಡಲೆಹಿಟ್ಟಿನ ಬದಲಿಗೆ ಸೂಪರ್‌ಮಾರ್ಕೆಟ್‌ಗಳಲ್ಲಿ ‘ಅರೀನಾ ದೆ ಗರ್ಬಾನ್ಸೊ’ (ಕಾಬೂಲಿ ಕಡಲೆಯ ಹಿಟ್ಟು) ಹುಡುಕಿ. ಮೊಸರಿಗೆ ‘ನತುರಾಲ್’ ಅನ್ನುವುದಷ್ಟೇ ಸಾಲದು, ‘ಅಸುಕರಾದೊ’ ಎಂದಿದ್ದರೆ ಸಕ್ಕರೆ ಬೆರೆತಿದೆ. ಕೊತ್ತಂಬರಿ ಎಂದು ಕಟ್ಟು ಎತ್ತಿಕೊಂಡರೆ ಹೆಚ್ಚಾಗಿ ಸಿಗುವುದು ಪೆರೆಹೀಲ್, ಅಂದರೆ ಪಾರ್ಸ್ಲಿ. ಮೂಸಿ ನೋಡಿ, ‘ಸಿಲಾಂತ್ರೊ’ ಎಂದು ಕೇಳಿ. ಸಸ್ಯಾಹಾರಿಗಳು ‘ಮಾಂಸ ತಿನ್ನುವುದಿಲ್ಲ’ ಎಂದರೆ ತಟ್ಟೆಗೆ ಟ್ಯೂನಾ ಬರುತ್ತದೆ. ‘ನಿ ಕಾರ್ನೆ, ನಿ ಪೆಸ್ಕಾದೊ, ನಿ ಹಮೋನ್, ನಿ ಅತೂನ್’ (ಮಾಂಸ, ಮೀನು, ಹ್ಯಾಮ್, ಟ್ಯೂನಾ ಯಾವುದೂ ಬೇಡ) ಎಂದು ಪೂರ್ತಿ ಹೇಳಿ. ಆಗ ಬದನೆಕಾಯಿ ಕರಿದು ‘ಮಿಯೆಲ್ ದೆ ಕಾನ್ಯಾ’ ಎಂಬ ಕಬ್ಬಿನ ಪಾಕ ಸುರಿದ ತಟ್ಟೆ ಸಿಕ್ಕರೆ ಬಿಡಬೇಡಿ. ಜೋನಿಬೆಲ್ಲದ ಹತ್ತಿರದ ಸಂಬಂಧಿ ಅದು.

ಮಾರ್ಚ್: ಪರೀಕ್ಷೆಯ ತಯಾರಿ

ಸೆರ್ವಾಂತೆಸ್ ಸಂಸ್ಥೆ ನಡೆಸುವ ಸ್ಪ್ಯಾನಿಷ್ ಭಾಷಾ ಪರೀಕ್ಷೆ ‘ದೆಲೆ’ಯ ಮಧ್ಯಮ ಹಂತವಾದ ಬಿ1 ಗುರಿ. ಓದು 70 ನಿಮಿಷ, ಆಲಿಕೆ 40, ಬರಹ 60, ಮಾತು 15, ಮಾತಿಗೆ ತಯಾರಿ ಇನ್ನೊಂದು 15. ಅಂಕಗಳು ಎರಡು ಗುಂಪು: ಓದು-ಬರಹ ಒಂದು, ಆಲಿಕೆ-ಮಾತು ಇನ್ನೊಂದು. ಪ್ರತಿ ಗುಂಪಿನಲ್ಲೂ 50ಕ್ಕೆ 30 ಬರಲೇಬೇಕು, ಒಂದರ ಹೆಚ್ಚುವರಿ ಇನ್ನೊಂದರ ಕೊರತೆ ತುಂಬುವುದಿಲ್ಲ. ಆಲಿಕೆ ಕುಂಟುತ್ತಿರುವವರು ಅದನ್ನು ಓದಿನಿಂದ ಸರಿದೂಗಿಸುವ ಆಸೆ ಬಿಡಿ. ಸದ್ಯ ವಾರದ ಪಟ್ಟಿಯಲ್ಲಿ ಸೋಮ, ಬುಧ, ಶುಕ್ರ ರೇಡಿಯೊ ತುಣುಕು. ಮಂಗಳ, ಗುರು 100ರಿಂದ 120 ಪದಗಳ ಒಂದು ಮೇಲ್, ಗಡಿಯಾರ ಇಟ್ಟುಕೊಂಡು. ಶನಿವಾರ ಒಂದು ಚಿತ್ರ ಮುಂದಿಟ್ಟುಕೊಂಡು ಮೂರು ನಿಮಿಷ ಮಾತು, ಫೋನಿನಲ್ಲಿ ಧ್ವನಿಮುದ್ರಣ.