ಸುಸ್ಲಿನ್ ರೇಖೆ: ನೋಟ್‌ಬುಕ್‌ನ ಆರನೇ ವಾರ

ಈ ವಾರ ಒಂದು ಪ್ರೂಫ್ ಪೂರ್ತಿ ಬರೆದು ಮುಗಿಸಿದೆ. ಮಾರ್ಟಿನ್ಸ್ ಆಕ್ಸಿಯಮ್ (ಸೆಟ್ ಥಿಯರಿಗೆ ಸೇರಿಸುವ ಒಂದು ಹೆಚ್ಚುವರಿ ನಿಯಮ, ಏನೆಂದು ಕೆಳಗಿದೆ) ಒಪ್ಪಿಕೊಂಡು, ಕಂಟಿನ್ಯೂಮ್ ಹೈಪಾಥಿಸಿಸ್ (ಪೂರ್ಣಾಂಕಗಳ ಗಾತ್ರಕ್ಕೂ ವಾಸ್ತವ ಸಂಖ್ಯೆಗಳ ಗಾತ್ರಕ್ಕೂ ನಡುವೆ ಬೇರೆ ಅನಂತ ಗಾತ್ರ ಇಲ್ಲ ಎನ್ನುವ ಊಹೆ) ಸುಳ್ಳು ಅಂತಲೂ ಇಟ್ಟುಕೊಂಡರೆ ಸುಸ್ಲಿನ್ ರೇಖೆ ಇರುವುದಿಲ್ಲ. 11 ಸಂಜೆ ಹಿಡಿಯಿತು. ತುಂಬಾ ಖುಷಿಯಾಗಿದೆ.

ಪ್ರಶ್ನೆ ಇದು. ವಾಸ್ತವ ಸಂಖ್ಯೆಗಳ ರೇಖೆಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಓಪನ್ ಇಂಟರ್ವಲ್‌ಗಳನ್ನು ಇಡುತ್ತಾ ಹೋಗಿ. ಎಷ್ಟೇ ಇಟ್ಟರೂ ಅವು ಎಣಿಕೆಗೆ ಸಿಗುತ್ತವೆ, ಅಂದರೆ 1, 2, 3 ಅಂತ ಪಟ್ಟಿ ಮಾಡಬಹುದು. ಯಾಕೆಂದರೆ ಪ್ರತಿಯೊಂದರೊಳಗೂ ಒಂದು ಭಾಗಲಬ್ಧ ಸಂಖ್ಯೆ ಇದ್ದೇ ಇರುತ್ತದೆ. ಈ ಗುಣಕ್ಕೆ ಸಿಸಿಸಿ (ಕೌಂಟಬಲ್ ಚೈನ್ ಕಂಡೀಷನ್) ಅಂತ ಹೆಸರು. ಗಣಿತಜ್ಞ ಮಿಖಾಯಿಲ್ ಸುಸ್ಲಿನ್ ಕೇಳಿದ್ದು ಇದನ್ನೇ ತಿರುಗಿಸಿ: ಬಿಂದುಗಳನ್ನು ಸಾಲಾಗಿ ಜೋಡಿಸಿದ ಯಾವುದೇ ರೇಖೆಗೆ ಸಿಸಿಸಿ ಇದ್ದರೆ, ಎಣಿಕೆಗೆ ಸಿಗುವ ಡೆನ್ಸ್ ಗಣವೂ (ಖಾಲಿಯಲ್ಲದ ಪ್ರತಿ ಓಪನ್ ಇಂಟರ್ವಲ್‌ನಲ್ಲೂ ಬಿಂದು ಇರುವ ಗಣ) ಇರಲೇಬೇಕಾ? ಇಲ್ಲದಿದ್ದರೆ ಅದೇ ಸುಸ್ಲಿನ್ ರೇಖೆ. ಪ್ರಶ್ನೆ ಅಚ್ಚಾಗಿದ್ದು 1920ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು, 25 ಕೂಡ ತುಂಬಿರಲಿಲ್ಲ.

ಮೊದಲ ಅರ್ಧ ಗ್ರಾಫ್ ಶೀಟ್ ಮೇಲೆ ಬಿಡಿಸಿದ ಮೇಲೇ ನನಗೆ ತಲೆಗೆ ಹೋಗಿದ್ದು. ಸುಸ್ಲಿನ್ ರೇಖೆ ಇದೆ ಅಂತಿಟ್ಟುಕೊಳ್ಳಿ. ಅದರಲ್ಲಿ ಎ, ಬಿ, ಸಿ ಅಂತ ಮೂರು ಬಿಂದು ಸಾಲಾಗಿ ಆರಿಸಬೇಕು. ಎ–ಬಿ ನಡುವೆಯೂ ಬಿ–ಸಿ ನಡುವೆಯೂ ಬಿಂದುಗಳಿರಬೇಕು. ಎ–ಸಿ ನಡುವೆ ಮಾತ್ರ ಹಿಂದೆ ಆರಿಸಿದ ಯಾವ ಬಿಯೂ ಬರಬಾರದು. ಹಿಂದಿನ ಬಿಗಳೆಲ್ಲ ಎಣಿಕೆಗೆ ಸಿಗುವಷ್ಟೇ, ಹಾಗಾಗಿ ಅವು ಡೆನ್ಸ್ ಅಲ್ಲ, ಜಾಗ ಸಿಕ್ಕೇ ಸಿಗುತ್ತದೆ. (ಒಂಟಿ ಬಿಂದುಗಳಿದ್ದರೆ ಅವನ್ನೂ ಮೊದಲೇ ಬದಿಗಿಡಬೇಕು. ಅವೂ ಎಣಿಕೆಗೆ ಸಿಗುವಷ್ಟೇ.) ಹೀಗೆ ಅಲೆಫ್-1 ಸಲ (ಎಣಿಕೆಗೆ ಸಿಗದ ಅತಿ ಚಿಕ್ಕ ಅನಂತದಷ್ಟು) ಮಾಡಿ. ಪ್ರತಿ ಸಲವೂ ಅಡ್ಡಕ್ಕೆ ಎ–ಬಿ, ಉದ್ದಕ್ಕೆ ಬಿ–ಸಿ ಇಟ್ಟು ಒಂದು ಆಯತ ಬರೆಯಿರಿ. ಅದರ ಬಲಗಡೆಯ ಕೆಳಮೂಲೆ ಕರ್ಣದ ಮೇಲೆ ಕೂರುತ್ತದೆ. ಹಳೆಯ ಬಿ ಹೊಸ ಎ–ಸಿಯ ಎಡಕ್ಕಿದ್ದರೆ ಆಯತಗಳು ಅಡ್ಡಕ್ಕೆ ಬೇರೆಯಾಗುತ್ತವೆ, ಬಲಕ್ಕಿದ್ದರೆ ಉದ್ದಕ್ಕೆ. ಅಂದರೆ ರೇಖೆಗೆ ಸಿಸಿಸಿ ಇದ್ದರೂ ಅದರ ವರ್ಗಕ್ಕೆ (ರೇಖೆ × ರೇಖೆ) ಇಲ್ಲ! ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತಿದ್ದೆ.

ಎರಡನೇ ಅರ್ಧಕ್ಕೆ ಆಕ್ಸಿಯಮ್ ಬೇಕು. ಸಿಸಿಸಿ ಇರುವ ಆರ್ಡರ್‌ನಲ್ಲಿ (ಮೇಲೆ-ಕೆಳಗೆ ಅಂತ ಕ್ರಮವಿರುವ ಗಣದಲ್ಲಿ) ಅಲೆಫ್-1 ಡೆನ್ಸ್ ಗಣಗಳನ್ನು (ಇಲ್ಲಿ ಡೆನ್ಸ್ ಅಂದರೆ ಎಲ್ಲಿಂದ ಕೆಳಗಿಳಿದರೂ ಸಿಗುವಂಥವು) ಕೊಟ್ಟರೂ ಎಲ್ಲವನ್ನೂ ಮುಟ್ಟುವ ಒಂದು ಫಿಲ್ಟರ್ (ಒಂದಕ್ಕೊಂದು ಹೊಂದುವ ಅಂಶಗಳ ಗುಂಪು) ಸಿಗುತ್ತದೆ ಎನ್ನುತ್ತದೆ ಅದು. ಎಣಿಕೆಗೆ ಸಿಗುವಷ್ಟೇ ಗಣಗಳಿದ್ದರೆ ಯಾವ ಆಕ್ಸಿಯಮ್ಮೂ ಬೇಡ. ಆಕ್ಸಿಯಮ್‌ನಿಂದ ತೋರಿಸಬೇಕಾದ್ದು ಇದು: ಸಿಸಿಸಿ ಇರುವ ಸ್ಪೇಸ್‌ನಲ್ಲಿ (ಓಪನ್ ಸೆಟ್ ಯಾವುವು ಅಂತ ಹೇಳಿರುವ ಬಿಂದುಗಳ ಗಣ) ಖಾಲಿಯಲ್ಲದ ಅಲೆಫ್-1 ಓಪನ್ ಸೆಟ್‌ಗಳಿದ್ದರೆ, ಅವುಗಳಲ್ಲಿ ಅಲೆಫ್-1ರಷ್ಟನ್ನು ಆರಿಸಿ, ಯಾವ ಎರಡನ್ನು ತೆಗೆದುಕೊಂಡರೂ ಸಂಧಿಸುವ ಹಾಗೆ ಮಾಡಬಹುದು. ಇದು ಬಂದರೆ ಸಿಸಿಸಿ ಸ್ಪೇಸ್‌ಗಳ ಗುಣಲಬ್ಧಕ್ಕೂ ಸಿಸಿಸಿ ಬರುತ್ತದೆ, ಮೇಲಿನ ಆಯತಗಳಿಗೆ ಜಾಗವೇ ಇರುವುದಿಲ್ಲ.

ನಾನು ನಾಲ್ಕು ಸಂಜೆ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಸ್ಪೇಸ್‌ನ ಖಾಲಿಯಲ್ಲದ ಓಪನ್ ಸೆಟ್‌ಗಳನ್ನೆಲ್ಲ ಆರ್ಡರ್‌ಗೆ ತೆಗೆದುಕೊಂಡಿದ್ದೆ. ಕೊಟ್ಟ ಸೆಟ್‌ಗಳಿಂದ ದೂರ ಕೂತ ಓಪನ್ ಸೆಟ್ ಅವುಗಳೊಳಗೆ ಯಾವತ್ತೂ ಇಳಿಯುವುದಿಲ್ಲ, ಹಾಗಾಗಿ ನನ್ನ ಗಣಗಳು ಡೆನ್ಸ್ ಆಗಲೇ ಇಲ್ಲ. ಪರಿಹಾರ ಚೆಂದವಾಗಿದೆ. ಕೊಟ್ಟ ಸಾಲಿನ ಬಾಲಗಳನ್ನು ನೋಡಿ: ಆಲ್ಫಾ ಎಂಬ ಸ್ಥಾನದ ನಂತರದ ಸೆಟ್‌ಗಳ ಯೂನಿಯನ್ (ಎಲ್ಲ ಸೇರಿದ್ದು). ಆಲ್ಫಾ ಬೆಳೆದಂತೆ ಅದು ಚಿಕ್ಕದಾಗುತ್ತದೆ. ಆದರೆ ಸಿಸಿಸಿ ಇರುವುದರಿಂದ, ಒಂದು ಹಂತದ ಮೇಲೆ ಅದರ ಕ್ಲೋಷರ್ (ಅಂಚೂ ಸೇರಿದ ಗಣ) ಬದಲಾಗುವುದಿಲ್ಲ. ಆ ಹಂತದ ಯೂನಿಯನ್ ಒಳಗಿನ ಓಪನ್ ಸೆಟ್‌ಗಳನ್ನು ಮಾತ್ರ ಇಟ್ಟುಕೊಂಡರೆ ಎಲ್ಲ ಕೂಡಿಬರುತ್ತದೆ.

ಗಣಿತಜ್ಞರಾದ ಟೆನೆನ್‌ಬಾಮ್ ಮತ್ತು ಯೆಖ್, ಸುಸ್ಲಿನ್ ರೇಖೆ ಇರುವ ಮಾದರಿಗಳನ್ನು (ಸೆಟ್ ಥಿಯರಿಯ ನಿಯಮಗಳೆಲ್ಲ ನಿಲ್ಲುವ ಗಣಿತ ಜಗತ್ತುಗಳನ್ನು) 1960ರ ದಶಕದಲ್ಲೇ ಬೇರೆ ಬೇರೆಯಾಗಿ ಕಟ್ಟಿದ್ದರು. ಅದು ಇಲ್ಲದ ಮಾದರಿಯನ್ನು ಸೊಲೊವೇ ಮತ್ತು ಟೆನೆನ್‌ಬಾಮ್ 1971ರಲ್ಲಿ ಪ್ರಕಟಿಸಿದರು. ಮುಂದಿನ ಕೆಲಸ ಅದೇ, ಇಟರೇಟೆಡ್ ಫೋರ್ಸಿಂಗ್: ಮಾದರಿಯನ್ನು ಹಿಗ್ಗಿಸಿ ಹೊಸದು ಕಟ್ಟುವ ವಿಧಾನವನ್ನು ಮತ್ತೆ ಮತ್ತೆ ಮಾಡುವುದು. ಎರಡು ಹೆಜ್ಜೆಯ ಇಟರೇಷನ್‌ನಲ್ಲಿ ಸಿಸಿಸಿ ಉಳಿಯುತ್ತದೆ ಅಂತ ನಿನ್ನೆ ಬರೆದಿಟ್ಟೆ. ಲಿಮಿಟ್ ಹಂತಕ್ಕೆ ಡೆಲ್ಟಾ ಸಿಸ್ಟಮ್ ಲೆಮ್ಮಾ (ಸೆಟ್‌ಗಳ ಬಗೆಗಿನ ಒಂದು ಸಹಾಯಕ ಪ್ರಮೇಯ) ಬೇಕು. ನಾಳೆ ಸಂಜೆ ಅಲ್ಲಿಂದ.