ಅಷ್ಟು ಜೋರಾಗಿ ಯಾಕೆ ಬಾರಿಸುತ್ತಾರೆ ಎಂದು ಕೇಳುವವರಿಗೆ

ಕಲಬುರಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತಿಂಗಳಿಗೊಂದು ಭಾನುವಾರ ಐದಾರು ಮಂದಿ ಕೂಡಿ ಹಾಡು ಕೇಳುತ್ತೇವೆ. ಯಾದಗಿರಿಯಿಂದ ಒಬ್ಬರು ರೈಲಿನಲ್ಲಿ ಬರುತ್ತಾರೆ, ಬೀದರಿನಿಂದ ಒಬ್ಬರು ಬಸ್ಸಿನಲ್ಲಿ ಬರುತ್ತಾರೆ, ಉಳಿದವರು ಊರಿನವರೇ. ಕೇಳುವುದು ಬಹುಪಾಲು ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್ ಮತ್ತು ಅದರಿಂದ ಕವಲೊಡೆದ, ಗಿಟಾರೇ ಮುಂದಿರುವ ಬ್ಲೂಸ್ ರಾಕ್. ಈ ಕೂಟದ ಸುದ್ದಿ ತಿಳಿದವರೆಲ್ಲರೂ ಬೇಗನೆಯೋ ತಡವಾಗಿಯೋ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ನಾನು ಭೌತಶಾಸ್ತ್ರ ಪಾಠ ಮಾಡುವ ಕಾಲೇಜಿನ ಹುಡುಗರು ಕೇಳುತ್ತಾರೆ, ಓಣಿಯವರು ಕೇಳುತ್ತಾರೆ. ಮೊನ್ನೆ ಊರಿನಿಂದ ಬಂದಿದ್ದ ನನ್ನ ಸೋದರಮಾವ ಕೇಳಿದ ರೀತಿ ಮಾತ್ರ ಎಲ್ಲರಿಗಿಂತ ನೇರವಾಗಿತ್ತು: "ಅಷ್ಟ್ ಜೋರ್ ಯಾಕ ಬಾರಸ್ತಾರೋ ತಮ್ಮಾ? ನೀವು ಹಾಡು ಕೇಳ್ಲಾಕ ಹೋಗ್ತಿರೋ, ಕಿವಿ ಕಳ್ಕೊಳ್ಲಾಕ ಹೋಗ್ತಿರೋ?"

ಮಾವ ಜೇವರ್ಗಿ ಕಡೆಯ ಹಳ್ಳಿಯವರು, ಅಲಾಯಿ ಹಬ್ಬದ ಹಲಗಿ ಕೇಳುತ್ತಲೇ ಬೆಳೆದವರು. ದೊಡ್ಡ ಸದ್ದು ಅವರಿಗೆ ಹೊಸತಲ್ಲ. ಆದ್ದರಿಂದ ನಾನು ಉತ್ತರ ಹೇಳುವ ಬದಲು, ಅಲಾಯಿ ಕುಣಿಯ ಬೆಂಕಿಗೆ ಹಲಗಿ ಹಿಡಿದು ಯಾಕೆ ಕಾಯಿಸುತ್ತಾರೆ ಎಂದು ಅವರನ್ನೇ ಕೇಳಿದೆ. "ಕಾಸದಿದ್ರ ದನಿ ಎಲ್ಲಿ ಬರ್ತದ? ಬದ್ ಅಂತದ" ಎಂದರು. ಅಷ್ಟೇ ಉತ್ತರ. ತೇವ ಆರಿ ಚರ್ಮ ಬಿಗಿಯದೆ ಹಲಗಿಗೆ ಅದರದೇ ದನಿ ಇಲ್ಲ; ಕಾದ ಹಲಗಿಯನ್ನು ಮೆಲ್ಲಗೆ ತಟ್ಟಿದರೂ ಅದು ಹಲಗಿಯಂತೆಯೇ ನುಡಿಯುತ್ತದೆ, ಕಾಯದ್ದನ್ನು ಎಷ್ಟು ಬಡಿದರೂ ನುಡಿಯುವುದಿಲ್ಲ. ಬ್ಲೂಸ್ ರಾಕ್ ಗಿಟಾರಿನ ಸಂಗತಿಯೂ ಹೆಚ್ಚು ಕಡಿಮೆ ಇದೇ.

ವಿದ್ಯುತ್ ಗಿಟಾರ್ ಎಂಬುದು ಅರ್ಧ ವಾದ್ಯ. ಉಳಿದ ಅರ್ಧ ಅದಕ್ಕೆ ಜೋಡಿಸಿದ ಆಂಪ್ಲಿಫೈಯರ್. ಹಿಂದೆ ನಮ್ಮ ಅಜ್ಜಂದಿರ ಮನೆಯ ದೊಡ್ಡ ರೇಡಿಯೋಗಳಲ್ಲಿ, ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಕಾಯಬೇಕಾಗಿದ್ದ ಗಾಜಿನ ವಾಲ್ವುಗಳಿದ್ದವಲ್ಲ, ಈ ಸಂಗೀತ ಇಂದಿಗೂ ಆ ವಾಲ್ವುಗಳನ್ನು ಬಿಟ್ಟಿಲ್ಲ. ವಾಲ್ವಿಗೆ ಅದು ತಾಳುವಷ್ಟೇ ಸಂಕೇತ ಕೊಟ್ಟರೆ ತಂತಿಯ ದನಿ ಇದ್ದಂತೆಯೇ ದೊಡ್ಡದಾಗಿ ಹೊರಬರುತ್ತದೆ. ತಾಳುವುದಕ್ಕಿಂತ ಹೆಚ್ಚು ಕೊಟ್ಟಾಗ ಅಲೆಯ ತುದಿಗಳು ಚಪ್ಪಟೆಯಾಗುತ್ತವೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಕಂಪನಗಳ ಮೇಲುಸ್ವರಗಳು ಹುಟ್ಟಿಕೊಳ್ಳುತ್ತವೆ. ಮೀಟಿದ ತಂತಿಯ ದನಿ ಸಹಜವಾಗಿ ಬೇಗ ಆರಿಹೋಗುವಂಥದ್ದು. ದಣಿದ ವಾಲ್ವು ಅದರ ಏರಿಳಿತವನ್ನು ಒಂದೇ ಮಟ್ಟಕ್ಕೆ ತರುವುದರಿಂದ ಸ್ವರವು ಹಾಡುವವನ ಉಸಿರಿನ ಹಾಗೆ ಉದ್ದಕ್ಕೆ ನಿಲ್ಲುತ್ತದೆ. ಅದರ ಮೇಲೆ ಕಲಾವಿದನು ಸ್ಪೀಕರಿನ ಎದುರಿಗೇ ನಿಂತರೆ ಸ್ಪೀಕರಿನ ಗಾಳಿ ತಂತಿಯನ್ನು ಮತ್ತೆ ಅಲುಗಿಸಿ, ಮೀಟದಿದ್ದರೂ ಸ್ವರ ಮುಂದುವರಿಯುತ್ತದೆ. ಇದಿಷ್ಟೂ ಆಂಪ್ಲಿಫೈಯರನ್ನು ಬಹುತೇಕ ಕೊನೆಯವರೆಗೆ ತಿರುಗಿಸಿದಾಗ ಆಗುವ ಕೆಲಸ. ಆದ್ದರಿಂದ ಜೋರು ಎಂಬುದು ಈ ವಾದ್ಯಕ್ಕೆ ಮೊದಲು ದನಿಯ ಗುಣ, ಆಮೇಲೆ ದನಿಯ ಪ್ರಮಾಣ.

1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್ ತಂಡದೊಂದಿಗೆ ಧ್ವನಿಮುದ್ರಣಕ್ಕೆ ಹೋದ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ವೇದಿಕೆಯಲ್ಲಿ ಬಾರಿಸುವಷ್ಟೇ ಜೋರಾಗಿ ತಮ್ಮ ಮಾರ್ಷಲ್ ಆಂಪ್ಲಿಫೈಯರನ್ನು ಸ್ಟುಡಿಯೋದಲ್ಲೂ ಇಡಬೇಕೆಂದು ಹಟ ಹಿಡಿದರು. ಮೈಕನ್ನು ಗಿಟಾರಿನ ಸ್ಪೀಕರಿಗೆ ತೀರ ಹತ್ತಿರ ಇಡುವ ಅಂದಿನ ಪದ್ಧತಿಗೆ ಅದು ಒಗ್ಗುವಂತಿರಲಿಲ್ಲ, ಆದರೆ ಕ್ಲಾಪ್ಟನ್ ಮಣಿಯಲಿಲ್ಲ; ಆ ಧ್ವನಿಮುದ್ರಿಕೆಯ ಗಿಟಾರನ್ನು ಮಾದರಿಯಾಗಿಟ್ಟುಕೊಂಡು ಒಂದು ಇಡೀ ಪೀಳಿಗೆ ಕಲಿಯಿತು. ಅದೇ ಕ್ಲಾಪ್ಟನ್ ನಾಲ್ಕು ವರ್ಷಗಳ ನಂತರ, 1970ರಲ್ಲಿ, ಮಯಾಮಿಯ ಸ್ಟುಡಿಯೋದಲ್ಲಿ ಫೆಂಡರ್ ಚಾಂಪ್ ಎಂಬ ಪುಟ್ಟ ಆಂಪ್ಲಿಫೈಯರ್ ಹಿಡಿದು ಕೂತರು. ಅದರ ಶಕ್ತಿ ಸುಮಾರು 5 ವ್ಯಾಟ್, ಗಾತ್ರ ನಮ್ಮ ಹಳೆಯ ಟ್ರಂಕಿಗಿಂತ ಚಿಕ್ಕದು. ಅಷ್ಟು ಚಿಕ್ಕ ವಾಲ್ವು ಬೇಗ ದಣಿಯುತ್ತದೆ, ಆದ್ದರಿಂದ ಓಣಿ ಎದ್ದು ಕೂರದ ಹಾಗೆಯೂ ಆ ದನಿಯನ್ನು ಹೊರಡಿಸಬಹುದು. ಜೋರಾದ ದನಿ ಬೇರೆ, ಜೋರಾದ ಸದ್ದು ಬೇರೆ ಎಂದು ತಿಳಿಸಲು ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಈ ಎರಡು ಧ್ವನಿಮುದ್ರಣಗಳನ್ನೇ ಕೇಳಿಸುತ್ತೇನೆ.

ಆದರೂ ಈ ವಿಚಾರದಲ್ಲಿ ನಮ್ಮ ಕೂಟದ ಗುರು ಕ್ಲಾಪ್ಟನ್ ಅಲ್ಲ, ಬಡ್ಡಿ ಗೈ. 1936ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿ, 1957ರಲ್ಲಿ ಶಿಕಾಗೋಗೆ ಬಂದು, ಮಡ್ಡಿ ವಾಟರ್ಸ್ ಅವರಂಥ ಹಿರಿಯರ ನೆರಳಿನಲ್ಲಿ ಬೆಳೆದವರು. ಕ್ಲಬ್ಬುಗಳಲ್ಲಿ ಅವರು ಆಗಲೇ ಗಿಟಾರನ್ನು ಅಳಿಸಿ, ಕಿರುಚಿಸಿ ಬಾರಿಸುತ್ತಿದ್ದರು; ಆದರೆ ಅವರ ಹಾಡುಗಳನ್ನು ಹೊರತರುತ್ತಿದ್ದ ಚೆಸ್ ಕಂಪನಿಯ ಲಿಯೊನಾರ್ಡ್ ಚೆಸ್ ಅವರಿಗೆ ಅದು ಬರೀ ಗದ್ದಲವಾಗಿ ಕೇಳಿಸಿತು, ಹಾಗಾಗಿ ಸ್ಟುಡಿಯೋದಲ್ಲಿ ಆ ದನಿಗೆ ಅವಕಾಶ ಕೊಡಲಿಲ್ಲ. ಮುಂದೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಮತ್ತು ಇಂಗ್ಲೆಂಡಿನ ಹುಡುಗರು ಅದೇ ಬಗೆಯ ದನಿಯಿಂದ ಲೋಕವನ್ನೇ ಗೆದ್ದಾಗ, ಚೆಸ್ ತಮ್ಮನ್ನು ಕರೆಸಿ, ಬೆನ್ನು ಬಾಗಿಸಿ ನಿಂತು, ತಪ್ಪು ಮಾಡಿದೆನೆಂದು ತನ್ನ ಹಿಂಬದಿಗೆ ಒದೆಯಲು ಹೇಳಿದರೆಂದು ಬಡ್ಡಿ ಗೈ ಎಷ್ಟೋ ಸಂದರ್ಶನಗಳಲ್ಲಿ ನೆನೆದಿದ್ದಾರೆ. ನನಗೆ ಈ ಘಟನೆ ನೆನಪಾದಾಗಲೆಲ್ಲ ನೋವಾಗುತ್ತದೆ. ಒಬ್ಬ ಕಲಾವಿದನ ಪ್ರಾಯದ ದನಿ ಮುದ್ರಣವಾಗದೆ ಶಿಕಾಗೋದ ಗಾಳಿಯಲ್ಲಿ ಕರಗಿತು. ಜೋರು ಎಂದರೆ ಗದ್ದಲ ಎಂದು ಮೊದಲೇ ತೀರ್ಮಾನಿಸಿ ಕೇಳುವ ಕಿವಿಯಿಂದ ಆಗುವ ನಷ್ಟ ಇಂಥದ್ದು.

2023ರ ಫೆಬ್ರವರಿಯಲ್ಲಿ ಅವರು ಮುಂಬೈಯ ಮೆಹಬೂಬ್ ಸ್ಟುಡಿಯೋದಲ್ಲಿ ನಡೆಯುವ ಮಹೀಂದ್ರ ಬ್ಲೂಸ್ ಉತ್ಸವಕ್ಕೆ ಬಂದಾಗ ನಾವು ನಾಲ್ಕು ಮಂದಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಯಾದಗಿರಿಯ ಗೆಳೆಯರು ಮೊದಲೇ ಹತ್ತಿ ಬುತ್ತಿಯ ಚೀಲದೊಂದಿಗೆ ಕಾಯುತ್ತಿದ್ದರು. ಸೊಲ್ಲಾಪುರ ದಾಟುವ ಮೊದಲೇ ಕಟಿ ರೊಟ್ಟಿ, ಶೇಂಗಾ ಹಿಂಡಿ ಮುಗಿದಿದ್ದವು. ಆಗ ಬಡ್ಡಿ ಗೈ ಅವರಿಗೆ 86 ವರ್ಷ. ನಾನು ಅಲ್ಲಿ ಕಂಡದ್ದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಏಕೆಂದರೆ ನಿಜವಾದ ಉತ್ತರ ಅಲ್ಲಿಯೇ ಇದೆ. ಅವರು ಎದೆಗೆ ಗುದ್ದುವಷ್ಟು ಜೋರಾಗಿ ಬಾರಿಸುತ್ತ ಬಾರಿಸುತ್ತ ಇದ್ದಕ್ಕಿದ್ದಂತೆ ದನಿಯನ್ನು ಕೆಳಕ್ಕೆ ಇಳಿಸಿದರು. ತಂಡದವರೂ ಇಳಿಸಿದರು. ಇನ್ನೂ ಇಳಿಸಿದರು. ಕೊನೆಗೆ ಆ ತುಂಬಿದ ಸಭಾಂಗಣದಲ್ಲಿ ಪಕ್ಕದವರ ಉಸಿರು ಕೇಳಿಸುವಷ್ಟು ಮೌನವಾಗಿ, ಉಗುರಿನ ತುದಿಯಿಂದ ಒಂದು ಸ್ವರ ಬಂತು; ಅದು ಇನ್ನೇನು ಆರಿತು ಎನ್ನುವಾಗ ಮತ್ತೆ ಎಲ್ಲವೂ ಒಮ್ಮೆಲೇ ಎದ್ದಿತು. ನನ್ನ ಕಣ್ಣಲ್ಲಿ ನೀರು ಬಂದದ್ದು ಆ ಎದ್ದ ಸದ್ದಿಗಲ್ಲ, ಅದರ ಹಿಂದಿನ ಮೌನಕ್ಕೆ. ತಗ್ಗು ಇಲ್ಲದೆ ದಿಬ್ಬ ಕಾಣುವುದಿಲ್ಲ. ಮೆರವಣಿಗೆಯ ಡಿಜೆಗೂ ಇದಕ್ಕೂ ವ್ಯತ್ಯಾಸವೇನು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಡಿಜೆ ಮೊದಲಿನಿಂದ ಕೊನೆಯವರೆಗೆ ದಿಬ್ಬದ ಮೇಲೆಯೇ ಇರುತ್ತದೆ, ಅದೂ ಮನೆಮನೆಯ ಕಿಟಕಿಯ ಮುಂದೆ, ಕೇಳಲೆಂದು ಬಂದಿರದವರ ಕಿವಿಗೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿರುವುದನ್ನು ಈ ಸಂಗೀತದ ಅಭಿಮಾನಿಯಾಗಿಯೂ ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ.

ಮಾವನ ಪ್ರಶ್ನೆಯ ಎರಡನೆಯ ಭಾಗ ಕಿವಿಯದು. ಅಲ್ಲಿ ನಾನು ಅವರ ಪಕ್ಷ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಕಾಲೇಜು ಉತ್ಸವದಲ್ಲಿ ಎರಡು ತಾಸು ಸ್ಪೀಕರಿನ ಮುಂದೆಯೇ ನಿಂತು, ಮರುದಿನ ಸಂಜೆಯವರೆಗೂ ಕಿವಿಯಲ್ಲಿ ಕೀರಲು ದನಿ ಹೊತ್ತು ತಿರುಗಿದ್ದೆ. ಅದು ಇಳಿಯಿತು ಎಂಬುದು ಪುಣ್ಯ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸಿನವರೆಗೆ ತಾಳಬಹುದು ಎಂಬುದು ಕೆಲಸಗಾರರಿಗಾಗಿ ಮಾಡಿದ ಒಂದು ಲೆಕ್ಕ. ಅದರ ಪ್ರಕಾರ ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ 3 ಡೆಸಿಬೆಲ್ ಎಂದರೆ ಶಕ್ತಿ ಇಮ್ಮಡಿ. ಹೀಗೆ ಇಳಿಸುತ್ತ ಹೋದರೆ 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಹಾಕಿಕೊಟ್ಟ ಮಾನದಂಡವೂ ಸರಾಸರಿ 100 ಡೆಸಿಬೆಲ್ ಮೀರಬಾರದು ಎನ್ನುತ್ತದೆ. ಕಿವಿಯೊಳಗೆ ನಿಲ್ಲದೆ ಗುಂಯ್‌ಗುಡುವ ದನಿಯ ಬಗ್ಗೆ ಕ್ಲಾಪ್ಟನ್ 2018ರಲ್ಲಿ ತಾವೇ ಹೇಳಿಕೊಂಡರು. 'ದ ಹೂ' ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಅವರ ಕಿವಿಯ ಕಥೆ ಅದಕ್ಕಿಂತ ಹಳೆಯದು. ಮುಂಬೈಯಲ್ಲಿ ನಾವು ನಾಲ್ವರೂ ಕಿವಿಗೆ ಬೆಣೆ (ಇಯರ್‌ಪ್ಲಗ್) ಹಾಕಿಕೊಂಡು, ಸ್ಪೀಕರುಗಳಿಂದ ದೂರ, ಧ್ವನಿ ಹೊಂದಿಸುವವರ ಮೇಜಿನ ಹತ್ತಿರ ನಿಂತಿದ್ದೆವು. ಅವರು ತಮ್ಮ ಕಿವಿಗೆ ಸರಿಯಾಗಿ ಕೇಳಿಸುವಂತೆ ಹೊಂದಿಸುವುದರಿಂದ ದನಿ ಅತಿ ಸ್ಪಷ್ಟವಾಗಿ ಇರುವ ಜಾಗವೂ ಅದೇ. ಬೆಣೆ ಹಾಕಿಕೊಂಡರೆ ಸಂಗೀತಕ್ಕೆ ಅವಮಾನ ಎನ್ನುವ ಕೆಲವು ಅಭಿಮಾನಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಮುಂದಿನ ಮೂವತ್ತು ವರ್ಷ ಕೇಳಬೇಕೆಂಬ ಆಸೆಯುಳ್ಳವನೇ ಬೆಣೆ ಹಾಕಿಕೊಳ್ಳುತ್ತಾನೆ.

ಈ ಪ್ರಶ್ನೆ ಈಗ ಮತ್ತೆ ಎದ್ದಿರುವುದಕ್ಕೆ ಕಾರಣ ಬಡ್ಡಿ ಗೈ ಅವರ ಹೊಸ ಆಲ್ಬಮ್. ತಮ್ಮ 89ನೇ ಹುಟ್ಟುಹಬ್ಬದ ದಿನ, 2025ರ ಜುಲೈ 30ರಂದು, 'ಏಂಟ್ ಡನ್ ವಿತ್ ದ ಬ್ಲೂಸ್' ಎಂಬ ಹೆಸರಿನಲ್ಲಿ, ಬ್ಲೂಸ್ ಜೊತೆಗಿನ ತಮ್ಮ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎಂಬ ಅರ್ಥದಲ್ಲಿ, ಅವರು ಅದನ್ನು ಹೊರತಂದರು. 18 ಹಾಡುಗಳಿವೆ. ಜೋ ವಾಲ್ಶ್, ಪೀಟರ್ ಫ್ರಾಂಪ್ಟನ್, ಜೋ ಬೊನಾಮಾಸಾ, ಕಿಂಗ್‌ಫಿಶ್ ಇಂಗ್ರಾಮ್ ಮೊದಲಾದವರು ಜೊತೆಗಿದ್ದಾರೆ. ನಮ್ಮ ಕೋಣೆಯಲ್ಲಿ ಇದರ ಬಗ್ಗೆ ಜಗಳವೇ ಆಯಿತು. ಯಾದಗಿರಿಯ ಗೆಳೆಯರಿಗೆ ಗಿಟಾರನ್ನು ಕಟ್ಟಿಹಾಕಿದಂತೆ ಅನ್ನಿಸಿದೆ. ವೇದಿಕೆಯಲ್ಲಿ ಕೇಳಿದ ಸಿಡಿಲು ಇದರಲ್ಲಿ ಇಲ್ಲ, ಅತಿಥಿಗಳು ಹೆಚ್ಚಾದರು ಎಂಬುದು ಅವರ ದೂರು. ಬೀದರಿನವರು ಹಾಡಿದ ದನಿಗೇ ಮಾರುಹೋಗಿದ್ದಾರೆ. ಅತಿಥಿಗಳ ವಿಷಯದಲ್ಲಿ ಯಾದಗಿರಿಯವರ ಮಾತಿಗೆ ನನ್ನ ಒಪ್ಪಿಗೆಯಿದೆ, ಸಿಡಿಲಿನ ವಿಷಯದಲ್ಲಿ ಇಲ್ಲ. ಅವರು ಅದನ್ನು ಮೊದಲು ಕೇಳಿದ್ದು ರೈಲಿನಲ್ಲಿ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ. ಸದ್ದು ಚಿಕ್ಕದಾದಂತೆ ನಮ್ಮ ಕಿವಿ ಮಂದ್ರ ಸ್ವರಗಳನ್ನು, ಅಂದರೆ ಬೇಸನ್ನು, ಇನ್ನಷ್ಟು ಬೇಗ ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ. ಮೊಬೈಲಿನಲ್ಲಿ ಆ ಮಂದ್ರ ಸ್ವರಗಳು ಮೊದಲೇ ಇರುವುದಿಲ್ಲ. ಇನ್ನು ಮೆಲ್ಲಗಿನ ಭಾಗಗಳು ಗಾಲಿಗಳ ಸದ್ದಿನಲ್ಲಿ ಮುಳುಗಿದ ಮೇಲೆ ಉಳಿಯುವುದು ಎತ್ತರ ತಗ್ಗಿಲ್ಲದ ಒಂದು ಬಯಲು. ನಮ್ಮೂರ ಬೇಸಿಗೆಯಲ್ಲಿ ಕೂಲರ್ ಹಚ್ಚಿಕೊಂಡು ಕೇಳಿದರೂ ಇದೇ ಗತಿ. ಸದ್ದನ್ನು ಹೆಚ್ಚಿಸುವುದು ಅದಕ್ಕೆ ಪರಿಹಾರವಲ್ಲ. ಕೋಣೆಯನ್ನು ಸುಮ್ಮನಾಗಿಸಿ, ಸಾಧಾರಣ ಮಟ್ಟದಲ್ಲಿ, ಒಂದು ಒಳ್ಳೆಯ ಜೋಡಿ ಸ್ಪೀಕರಿನ ಮುಂದೆ ಕೂತು ಕೇಳಬೇಕು.

ಮಾವನಿಗೂ ಹಾಗೆಯೇ ಕೇಳಿಸಿದೆ. ಈ ಆಲ್ಬಮ್ಮಿನ ಮೊದಲಿಗೆ ಹಿರಿಯ ಬ್ಲೂಸ್ ಕಲಾವಿದ ಜಾನ್ ಲೀ ಹೂಕರ್ ಅವರನ್ನು ನೆನೆಯುವ ಒಂದು ಪುಟ್ಟ ತುಣುಕಿದೆ. ಹೆಚ್ಚು ಅಬ್ಬರವಿಲ್ಲ, ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ತಾನು ಬಾರಿಸಿದಂತೆ ಇದೆ. ಅದು ಮುಗಿಯುವ ಮೊದಲೇ ಮಾವ ಕೈಯೆತ್ತಿ, "ತಮ್ಮಾ, ಆ ಫ್ಯಾನ್ ಬಂದ್ ಮಾಡು, ಮತ್ತೊಮ್ಮಿ ಹಚ್ಚು" ಎಂದರು. ಸೆಕೆಯಲ್ಲೇ ಕೂತು ಎರಡನೇ ಸಲ ಕೇಳಿ, ಇವನು ಯಾವ ಊರಿನವನು ಎಂದು ವಿಚಾರಿಸಿದರು. ಬಡ್ಡಿ ಗೈ ಹತ್ತಿ ಬಿಡಿಸುವ ಕುಟುಂಬದಲ್ಲಿ ಹುಟ್ಟಿದ್ದು, ಗಿಟಾರ್ ಕೊಳ್ಳುವ ಶಕ್ತಿಯಿಲ್ಲದೆ ಮನೆಯ ಕಿಟಕಿಯ ಸೊಳ್ಳೆಪರದೆಯ ತಂತಿ ಬಿಚ್ಚಿ ಎರಡು ತಂತಿಯ ವಾದ್ಯ ಮಾಡಿಕೊಂಡದ್ದು, ಇದನ್ನೆಲ್ಲ ಹೇಳಿದೆ. ಮಾವನ ಊರಿನ ಹತ್ತಿರದ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಅವರು ಭಜನೆಯಲ್ಲಿ ಹಾಡುತ್ತಾರೆ. ಏಕತಾರಿಯ ಒಂದೇ ತಂತಿಯ ಮೇಲೆ ಇಡೀ ರಾತ್ರಿ ಕಳೆದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಕಿಂತ ಒಂದ್ ತಂತಿ ಹೆಚ್ಚ್ ಇತ್ತು ಅವನ ಬಲ್ಲಿ" ಎಂದರು. ಆಮೇಲೆ ಉಳಿದ ಹದಿನೇಳು ಹಾಡುಗಳನ್ನೂ ಫ್ಯಾನಿಲ್ಲದೆ ಕೇಳಿದೆವು.