ಒಂಬತ್ತನೇ ರಾತ್ರಿಯ ಸಕ್ಕರೆ

ಕೋಲಾರದ ಆಸ್ಪತ್ರೆಯೊಂದರ ನವಜಾತ ಶಿಶು ಘಟಕದಲ್ಲಿ ನಾನು ಶುಶ್ರೂಷಕಿ. ಮುಳಬಾಗಿಲು ಕಡೆಯಿಂದ ಬಂದ ಆ ಹೆಣ್ಣುಮಗುವಿನ ತೂಕ 1,300 ಗ್ರಾಂ. ಹುಟ್ಟುವಾಗಲೇ ಸಣ್ಣ ಕರುಳು ಒಂದೆಡೆ ಮುಚ್ಚಿಕೊಂಡಿತ್ತು. ಎರಡನೇ ದಿನ ಶಸ್ತ್ರಚಿಕಿತ್ಸೆ ಆಯಿತು. ಹಾಲು ಕೊಡುವಂತಿರಲಿಲ್ಲ, ಗ್ಲೂಕೋಸ್, ಪ್ರೋಟೀನ್, ಕೊಬ್ಬು ಎಲ್ಲವೂ ಹೃದಯದ ಬಳಿಯ ದೊಡ್ಡ ರಕ್ತನಾಳದವರೆಗೆ ಹಾಕಿದ ಕೊಳವೆಯಾದ ಸೆಂಟ್ರಲ್ ಲೈನ್‌ನಲ್ಲೇ. ಜೊತೆಗೆ ಎರಡು ಆಂಟಿಬಯಾಟಿಕ್.

ಒಂಬತ್ತನೇ ರಾತ್ರಿ ಹಿಮ್ಮಡಿ ಚುಚ್ಚಿ ನೋಡಿದಾಗ ರಕ್ತದ ಸಕ್ಕರೆ 190, ಇಷ್ಟು ಸಣ್ಣ ಮಗುವಿಗೆ ಹೆಚ್ಚೇ. ಬೆಳಗಿನ ಜಾವ 214. ಡ್ರಿಪ್ಪಿನ ವೇಗ ಬದಲಾಗಿರಲಿಲ್ಲ. ಆದರೂ ಗ್ಲೂಕೋಸಿನಿಂದಲೇ ಇರಬೇಕೆಂದು ಚಾರ್ಟಿನಲ್ಲಿ ಬರೆದು ಸುಮ್ಮನಾದೆ. ಮಧ್ಯಾಹ್ನದ ಹೊತ್ತಿಗೆ ಮಗು ಎರಡು ಸಲ ಉಸಿರು ನಿಲ್ಲಿಸಿತು, ಹೊಟ್ಟೆ ಉಬ್ಬಿತು, ಪ್ಲೇಟ್‌ಲೆಟ್ 38,000ಕ್ಕೆ ಇಳಿದಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಸಕ್ಕರೆ ಯಾವಾಗಿನಿಂದ ಏರಿದೆ?" ಡ್ರಿಪ್ ಬದಲಾಗದೆ ಸಕ್ಕರೆ ಏರಿದರೆ ಅದು ಸೋಂಕಿನ ಮೊದಲ ಸುಳಿವಾಗಿರಬಹುದು. ಉತ್ತರ ನನ್ನ ಕೈಬರಹದಲ್ಲೇ ಇತ್ತು. ಹೇಳಿರಲಿಲ್ಲ, ಅಷ್ಟೇ. ಆ ಕೆಲವು ಗಂಟೆಗಳು ಇಂದಿಗೂ ನನ್ನನ್ನು ಚುಚ್ಚುತ್ತವೆ.

ಅವರ ಅನುಮಾನ ಕ್ಯಾಂಡಿಡಾ ಶಿಲೀಂಧ್ರದ ಮೇಲೆ. ನಮ್ಮ ಚರ್ಮದಲ್ಲಿ, ಕರುಳಿನಲ್ಲಿ ತೆಪ್ಪಗೆ ಇರುವ ಜೀವಿ ಅದು. ಆಂಟಿಬಯಾಟಿಕ್‌ಗಳು ಅದನ್ನು ಹದ್ದುಬಸ್ತಿನಲ್ಲಿಟ್ಟ ಬ್ಯಾಕ್ಟೀರಿಯಾಗಳನ್ನು ಕೊಂದರೆ, ಕೊಯ್ದ ಕರುಳೋ ಲೈನೋ ಅದಕ್ಕೆ ರಕ್ತದ ದಾರಿ ತೆರೆಯುತ್ತದೆ. ರಕ್ತದಲ್ಲಿನ ಸೂಕ್ಷ್ಮಜೀವಿಯನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ಎರಡು ಮೂರು ದಿನ ಬೇಕು. ಸುಮಾರು ಅರ್ಧದಷ್ಟು ಸಲ ಅದು ಸೋಂಕನ್ನು ಹಿಡಿಯುವುದೂ ಇಲ್ಲ. ಹಾಗಾಗಿ ಕಾಯದೆ ಲೈನ್ ತೆಗೆದು ಶಿಲೀಂಧ್ರ ಕೊಲ್ಲುವ ಆಂಫೊಟೆರಿಸಿನ್ ಆರಂಭಿಸಿದರು.

ಹಳದಿ ಬಣ್ಣದ ಆ ಔಷಧಿಯನ್ನು 5% ಡೆಕ್ಸ್ಟ್ರೋಸ್‌ನಲ್ಲೇ ಬೆರೆಸಬೇಕು. ಸಲೈನ್, ಅಂದರೆ ಉಪ್ಪುನೀರು, ಸೋಕಿದರೆ ಒಡೆದು ಗಸಿಯಾಗುತ್ತದೆ, ಕೊಳವೆ ತೊಳೆಯಲೂ ಸಲೈನ್ ಕೂಡದು. ಬೆಳಕು ತಾಗದಂತೆ ಸಿರಿಂಜಿಗೆ ಫಾಯಿಲ್ ಸುತ್ತಿ ನಾಲ್ಕು ಗಂಟೆ ಪಕ್ಕದಲ್ಲೇ ಕುಳಿತೆ. ಅದು ಮೂತ್ರಪಿಂಡಕ್ಕೆ ಭಾರವಾದ್ದರಿಂದ ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೇಲೂ ಕಣ್ಣಿಟ್ಟೆವು.

ಮೂರನೇ ದಿನ ಕಲ್ಚರ್‌ನಲ್ಲಿ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಂಬ ಪ್ರಭೇದ ಬೆಳೆಯಿತು. ಆರೈಕೆ ಮಾಡುವವರ ಕೈಗಳಿಂದ ಹರಡುವುದಕ್ಕೆ ಹೆಸರಾದದ್ದು ಅದು. ರಕ್ತ ಶುದ್ಧವಾದ ಮೇಲೂ ಎರಡು ವಾರ ಔಷಧಿ ನಡೆಯಿತು. ಕಣ್ಣು, ಹೃದಯ, ಮೂತ್ರಪಿಂಡ, ಬೆನ್ನುಹುರಿಯ ನೀರು ಎಲ್ಲವನ್ನೂ ಪರೀಕ್ಷಿಸಿದರು, ಎಲ್ಲಿಗೂ ಹರಡಿರಲಿಲ್ಲ.

ಬೂಷ್ಟಿನ ಜಾತಿಯದೇ ಒಂದು ಸೋಂಕು ಎಂದು ಮಗುವಿನ ಅಜ್ಜಿಗೆ ವಿವರಿಸಿದ್ದೆ. ಮನೆಗೆ ಹೊರಡುವ ದಿನ ಅವರು ಕೇಳಿದರು: "ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿದರೆ ಬೂಷ್ಟು ಬರುತ್ತದಲ್ಲ ಸಿಸ್ಟರಮ್ಮ, ಹಾಗೆಯೇ?"

ಹೌದಜ್ಜಿ, ಹೆಚ್ಚುಕಡಿಮೆ ಹಾಗೆಯೇ ಎಂದೆ. ಈಗ ಲೈನಿನ ತುದಿಯನ್ನು ಸ್ಪಿರಿಟ್‌ನಿಂದ 15 ಸೆಕೆಂಡು ಉಜ್ಜಿದ ಮೇಲೆ, ಎಷ್ಟೇ ಅವಸರವಿದ್ದರೂ, ಅದು ಪೂರ್ತಿ ಒಣಗುವವರೆಗೆ ಕೈ ತಡೆದು ನಿಲ್ಲುತ್ತೇನೆ.